ಮೂರೂಮುಕ್ಕಾಲರ ವಿಮಾನ

ಜನವರಿ 12

ಚುಕ್ಕಿಗೆ,

ಈ ಸಲವೂ ಮೋಡವೇ? ನಿನ್ನ ವಿಮಾನದ ಕೆಳಗೆ ಮಾತ್ರ ಎಲ್ಲಿಂದ ಬಂದು ಸೇರಿಕೊಳ್ಳುತ್ತವೋ ಈ ಮೋಡಗಳು! ನಾನು ಇಲ್ಲಿ ತಾರಸಿಯ ಮೇಲೆ ನಿಂತಿದ್ದೆ. ನೆತ್ತಿ ಸುಡುವ ಬಿಸಿಲು, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನೀನು ನೋಡಿದರೆ 'ಮೋಡ ಅಡ್ಡ ಬಂತು, ಓದಲಾಗಲಿಲ್ಲ' ಎಂದು ಬರೆದಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಟದ ನಿಯಮ ಮರೆತಿದ್ದರೆ ಮತ್ತೊಮ್ಮೆ ಹೇಳುತ್ತೇನೆ, ಕೇಳು. ಮಂಗಳವಾರ, ಶುಕ್ರವಾರ ಮೂರೂಮುಕ್ಕಾಲಕ್ಕೆ ನಿನ್ನ ವಿಮಾನ ಪಕ್ಕದ ಊರಿನ ನಿಲ್ದಾಣಕ್ಕೆ ಇಳಿಯಲೆಂದು ನಮ್ಮ ಮನೆಯಾದ ಈ ಗೋದಾಮನ್ನು ಬಳಸಿಕೊಂಡು ಹೋಗುತ್ತದೆ. ನಾನು ತಾರಸಿಯ ಮೇಲೆ ಎರಡಾಳೆತ್ತರದ ಅಕ್ಷರಗಳಲ್ಲಿ ಏನಾದರೂ ಬರೆದಿರುತ್ತೇನೆ. ನೀನು ಹಿಂದಿನ ಬಾಗಿಲಿನ ದುಂಡು ಕಿಟಕಿಯಿಂದ ಅದನ್ನು ಓದಿ, ಏನು ಬರೆದಿತ್ತು ಎಂದು ಪತ್ರದಲ್ಲಿ ತಿಳಿಸಬೇಕು. ನಾನಾಗಿ ಬಾಯಿ ಬಿಡುವಂತಿಲ್ಲ. ಬಾಯಿ ಬಿಟ್ಟರೆ ಆಟ ಎಲ್ಲಿ ಉಳಿಯಿತು? ಮೂರು ವರ್ಷ ಚಾಚೂ ತಪ್ಪದೆ ಓದಿದವಳು ನಾಲ್ಕೈದು ತಿಂಗಳಿಂದ ಬರೀ ಸಬೂಬು ಹೇಳುತ್ತಿದ್ದೀಯ. ಪ್ರಯಾಣಿಕರಿಗೆ ನೀರು ಕೊಡುವುದು, ಬೆಲ್ಟು ಹಾಕಿಸುವುದು ಎಲ್ಲ ಇರುತ್ತದೆ, ಒಪ್ಪಿದೆ. ಆದರೂ ಒಂದು ನಿಮಿಷ ಕಿಟಕಿಗೆ ಕಣ್ಣು ಹಚ್ಚಲು ಆಗುವುದಿಲ್ಲವೇ?

ಜಂಬ ಕೊಚ್ಚುತ್ತಿಲ್ಲ, ಇದ್ದದ್ದು ಹೇಳುತ್ತೇನೆ. ಈ ಊರಲ್ಲಿ ಈಗ ಯಾರಿಗೂ ಕೈಯಲ್ಲಿ ಬರೆದ ಬೋರ್ಡು ಬೇಡ. ಎಲ್ಲರಿಗೂ ಪ್ರಿಂಟು ಹೊಡೆದ ಪ್ಲಾಸ್ಟಿಕ್ ಬೇಕು. ಬೆಳಿಗ್ಗೆ ಕೊಟ್ಟರೆ ಸಂಜೆ ತಂದು ಕಟ್ಟುತ್ತಾರೆ, ಆರು ತಿಂಗಳಿಗೆ ಬಿಸಿಲಿಗೆ ಬೆಳ್ಳಗಾಗುತ್ತದೆ. ಕಳೆದ ವರ್ಷ ನಾನು ಬರೆದ ಬೋರ್ಡೆಂದರೆ ಈ ತಾರಸಿ ಒಂದೇ. ಓದುವವಳೂ ನೀನೊಬ್ಬಳೇ.

ಇನ್ನೊಂದು ವಿಷಯ. ಒಂದು ಕ್ಯಾಮೆರಾ ತೆಗೆದುಕೊಳ್ಳೋಣ ಅಂತಿದ್ದೇನೆ. ನೀನು ಮೇಲಿನಿಂದ ನನ್ನ ಅಕ್ಷರ ನೋಡುತ್ತೀಯ. ನನಗೆ ಕೆಳಗಿನಿಂದ ಕಾಣುವುದು ಬಿಸಿಲಿಗೆ ಮಿನುಗುವ ಒಂದು ಬಿಳಿ ಚೂರು. ಈ ಹಾಳು ಕಣ್ಣಿಗೆ ರೆಕ್ಕೆ ಯಾವುದು, ಬಾಲ ಯಾವುದು ಎನ್ನುವುದೂ ತಿಳಿಯುವುದಿಲ್ಲ. ಇದ್ಯಾವ ನ್ಯಾಯ? ದೂರದ್ದನ್ನು ಹತ್ತಿರ ಎಳೆದು ತೋರಿಸುವ ಕ್ಯಾಮೆರಾ ಬೇಕು, ಜೇಬಿಗೂ ಭಾರ ಆಗಬಾರದು. ಯಾವುದು ಒಳ್ಳೆಯದು, ಕೇಳಿ ಬರೆ. ನಿನ್ನ ವಿಮಾನದ ಕಿಟಕಿಯ ಸಾಲಿನದೊಂದು ಫೋಟೋ ಗೋಡೆಗೆ ಹಾಕಿಕೊಂಡರೆ ನನಗೆ ಸಾಕು.

ನಿನ್ನ ಅಪ್ಪ


ಜನವರಿ 28

ಅಪ್ಪಾ,

ಬೈಗುಳದ ಪತ್ರ ತಲುಪಿತು. ಮೋಡಗಳಿಗೂ ನಿನ್ನ ಸಿಟ್ಟು ತಿಳಿಸಿದ್ದೇನೆ. ಕಳೆದ ವಾರ ಮೋಡ ಇರಲಿಲ್ಲ, ನಿಜ. ಆದರೆ ನನ್ನನ್ನು ಎಡಗಡೆ ಬಾಗಿಲಿಗೆ ಹಾಕಿದ್ದರು. ಆ ಕಡೆಯಿಂದ ಬರೀ ಹೊಲ ಕಾಣುತ್ತದೆ.

ಕ್ಯಾಮೆರಾ ತಗೋ, ಖಂಡಿತ ತಗೋ. ಆದರೆ ಜೇಬಿನಲ್ಲಿ ಹಿಡಿಯುವ ಚಿಕ್ಕದು ಸಾಕು. ಈ ಜೂಮ್ ಅನ್ನುವುದು ಅಂಗಡಿಯವರ ಗಾಳ ಅಪ್ಪಾ. ಪೆಟ್ಟಿಗೆಯ ಮೇಲೆ ಐವತ್ತು ಪಟ್ಟು, ಅರವತ್ತು ಪಟ್ಟು ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅಷ್ಟು ದೂರಕ್ಕೆ ಎಳೆದರೆ ಕೈಯ ಸಣ್ಣ ನಡುಕವೂ ಭೂಕಂಪವಾಗುತ್ತದೆ. ಬಿಸಿಲಲ್ಲಿ ಗಾಳಿಯೇ ಕುದಿಯುತ್ತಿರುತ್ತದೆ, ವಿಮಾನ ನೀರಿನೊಳಗೆ ಬಿದ್ದ ಬಟ್ಟೆಯ ಹಾಗೆ ಕಾಣುತ್ತದೆ. ನಮ್ಮ ಪ್ರಯಾಣಿಕರು ಉದ್ದುದ್ದ ಲೆನ್ಸ್ ಹೊತ್ತುಕೊಂಡು ಬಂದು, ಕೊನೆಗೆ ಫೋನಿನಲ್ಲಿ ಫೋಟೋ ತೆಗೆಯುವುದನ್ನು ಎಷ್ಟು ಸಲ ನೋಡಿಲ್ಲ ನಾನು!

ಚಿಕ್ಕ ಕ್ಯಾಮೆರಾದಲ್ಲಿ ಹತ್ತಿರದ್ದನ್ನೆಲ್ಲ ತೆಗಿ. ಗೋದಾಮಿನ ಮೆಟ್ಟಿಲು, ನಿನ್ನ ಬ್ರಷ್ಷುಗಳ ಡಬ್ಬಿ, ಆ ಬೂದು ಬೆಕ್ಕು. ಎದುರು ಮನೆಯ ದರ್ಜಿಗೆ ಹೇಳಿ ನಿನ್ನದೂ ಒಂದು ತೆಗೆಸು. ಅದನ್ನು ಕಳಿಸಿದರೆ ನನಗೆ ಖುಷಿ. ಆಕಾಶದಲ್ಲಿ ಏನಿದೆ ಅಪ್ಪಾ, ಸುಮ್ಮನೆ ಯಾಕೆ ದುಡ್ಡು ಸುರಿಯುತ್ತೀ.

ಫೋನ್ ಎತ್ತಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ನಾವು ಇಳಿದುಕೊಳ್ಳುವ ಜಾಗದಲ್ಲಿ ಸಿಗ್ನಲ್ ಸರಿಯಿಲ್ಲ, ಮಾತು ಕೇಳಿಸುವುದೇ ಇಲ್ಲ. ಪತ್ರವೇ ವಾಸಿ. ಅಕ್ಷರ ಬರೆಯುವವನ ಮಗಳಲ್ಲವೇ ನಾನು.

ರಜೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ ಕೂಡಲೇ ಬರುತ್ತೇನೆ.

ಇಂತು,
ಚುಕ್ಕಿ


ಫೆಬ್ರವರಿ 10

ಚುಕ್ಕಿಗೆ,

ನಿನ್ನ ಮಾತು ಕೇಳಿಕೊಂಡು ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದೆ. ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುತ್ತಾನಲ್ಲ, ಅವನನ್ನು ಎಲ್ಲರೂ ಲೆನ್ಸಪ್ಪ ಅಂತಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಎದುರಿಗಿರುವವರ ಮೇಲೆ ಸದಾ ಒಂದು ಅನುಮಾನ.

"ಏನ್ ತೆಗಿಬೇಕು?" ಅಂದ.

"ವಿಮಾನ."

"ನಿಂತಿರೋದೋ, ಹಾರ್ತಿರೋದೋ?"

"ನಿಂತಿರೋ ವಿಮಾನ ಯಾರಿಗ್ರೀ ಬೇಕು? ಅದ್ರೊಳಗೆ ನನ್ನ ಮಗಳಿರ್ತಾಳೆ."

ಅವನ ಮುಖ ಸ್ವಲ್ಪ ಮೆತ್ತಗಾಯಿತು. ಸ್ಟೂಲು ಎಳೆದು ಕೂರಿಸಿದ. ನೀನು ಹೇಳಿದ ಚಿಕ್ಕ ಕ್ಯಾಮೆರಾವನ್ನೇ ಮೊದಲು ಕೇಳಿದೆ. ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ರಸ್ತೆಯ ತುದಿಯ ಕಂಬದ ಮೇಲೆ ಕೂತಿದ್ದ ಕಾಗೆ ತೋರಿಸಿ ತೆಗೆಯಲು ಹೇಳಿದ. ತೆಗೆದೆ. ಕಾಗೆ ಎಳ್ಳು ಕಾಳಿನಷ್ಟಿತ್ತು. ಇನ್ನೂ ಎಳೆದರೆ ಎಳ್ಳು ಒಡೆದು ಚೌಕ ಚೌಕ ಆಯಿತು. "ನೋಡಿದ್ರಾ, ಇದು ಗಾಜು ಎಳೆಯೋ ಜೂಮ್ ಅಲ್ಲ. ಇದ್ದದ್ದನ್ನೇ ಹಿಗ್ಗಿಸಿ ತೋರ್ಸತ್ತೆ. ಇದ್ರಲ್ಲಿ ನಿಮ್ಮ ಮಗಳ ವಿಮಾನ ತೆಗೆಯೋದೂ ಒಂದೇ, ಕಣ್ಮುಚ್ಕೊಂಡು ನೆನೆಸ್ಕೊಳ್ಳೋದೂ ಒಂದೇ" ಅಂದ.

ಆಮೇಲೆ ಲೆನ್ಸ್ ಬಿಚ್ಚಿ ಬದಲಿಸುವ ದೊಡ್ಡದು ತೋರಿಸಿದ. ಅದರ ಉದ್ದದ ಲೆನ್ಸಿನ ಬೆಲೆ ಕೇಳಿ ಸ್ಟೂಲಿನಿಂದ ಎದ್ದುಬಿಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಕೊನೆಗೆ ಒಳಗಿನಿಂದ ಒಂದು ತಂದ. ಲೆನ್ಸ್ ಅಂಟಿಕೊಂಡೇ ಇರುತ್ತದೆ, ಬಿಚ್ಚಲು ಬರುವುದಿಲ್ಲ. ಗುಂಡಿ ಒತ್ತಿದರೆ ಆಮೆಯ ಕತ್ತಿನ ಹಾಗೆ ಮೂತಿ ಮುಂದಕ್ಕೆ ಚಾಚುತ್ತದೆ. ಯಾರೋ ಹಕ್ಕಿ ನೋಡುವವರು ಬೇಸರ ಬಂದು ಮಾರಿ ಹೋದದ್ದಂತೆ. ಒಳಗೆ ಕೈನಡುಕ ತಡೆಯುವ ಏನೋ ವ್ಯವಸ್ಥೆ ಇದೆ. ಬಿಸಿಲಲ್ಲಿ ಹಿಂದಿನ ಪರದೆ ಕಾಣುವುದಿಲ್ಲ, ಅದಕ್ಕೆ ಕಣ್ಣು ಹಚ್ಚಿ ನೋಡುವ ಚಿಕ್ಕ ಕಿಂಡಿ ಇದೆ. ಕತ್ತಲಾದರೆ ಕೆಲಸಕ್ಕೆ ಬಾರದಂತೆ. ನನ್ನ ವಿಮಾನ ಹಗಲಲ್ಲೇ ಬರುತ್ತದೆ, ನನಗೇನು ಎಂದೆ. ಅದರಲ್ಲಿ ಅದೇ ಕಾಗೆಯನ್ನು ನೋಡಿದೆ. ಕಾಗೆ ನನ್ನನ್ನೇ ನೋಡುತ್ತಿತ್ತು, ಚುಕ್ಕಿ! ಕೊಕ್ಕಿನ ಮೇಲಿನ ಗೀರು ಕೂಡ ಕಂಡಿತು.

ಅರ್ಧ ಹಣ ಕೊಡುವುದು, ಉಳಿದರ್ಧಕ್ಕೆ ಅವನ ಅಂಗಡಿಯ ಬಾಗಿಲಿನ ಮೇಲೆ ಬೋರ್ಡು ಬರೆದುಕೊಡುವುದು ಎಂದು ಒಪ್ಪಂದವಾಗಿದೆ. ಎಷ್ಟು ಕಾಲದ ಮೇಲೆ ಸಿಕ್ಕ ಬೋರ್ಡು! ನಿನ್ನೆ ಏಣಿ ಒರೆಸಿಟ್ಟೆ. ನಿನ್ನ ಅಮ್ಮ ಇದ್ದಾಗ ಅವಳು ಏಣಿ ಹಿಡಿಯುತ್ತಿದ್ದಳು, ಹಿಡಿದುಕೊಂಡೇ ನನ್ನ ಅಕ್ಷರ ಸೊಟ್ಟ ಅನ್ನುತ್ತಿದ್ದಳು. ಈಗ ಹಗ್ಗದಿಂದ ಕಂಬಕ್ಕೆ ಕಟ್ಟಿಕೊಳ್ಳುತ್ತೇನೆ. ಹಗ್ಗ ಏನೂ ಅನ್ನುವುದಿಲ್ಲ.

ನಿನ್ನ ಅಪ್ಪ


ಫೆಬ್ರವರಿ 26

ಅಪ್ಪಾ,

ನಿನಗೆ ಬೇಡ ಅಂದರೆ ಅದನ್ನೇ ಮಾಡುವ ಚಟ. ಆ ಲೆನ್ಸಪ್ಪ ಯಾರೋ ಮಾರಿಕೊಂಡು ಬದುಕುವವನು, ಅವನಿಗೇನು, ಹೇಳುತ್ತಾನೆ. ಇನ್ನೂ ಹಣ ಕೊಡದಿದ್ದರೆ ಬಿಟ್ಟುಬಿಡು. ಕೊಟ್ಟಿದ್ದರೆ ವಾಪಸ್ ಕೊಟ್ಟು ಬಾ. ಅದರ ಬದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಬಾರದೇ?

ಇಷ್ಟಕ್ಕೂ ವಾರಕ್ಕೆರಡು ದಿನ ಬಿಸಿಲಲ್ಲಿ ನಿಂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನನ್ನು ಕಾಯಬೇಕೆಂದು ಯಾರು ಹೇಳಿದರು? ನಾನು ಕೇಳಿದೆನೇ? ಎಲ್ಲರಂತೆ ಮಧ್ಯಾಹ್ನ ಮಲಗು. ದರ್ಜಿಯ ಜೊತೆ ಹರಟೆ ಹೊಡಿ. ನನ್ನದೊಂದೇ ಯೋಚನೆ ಹಚ್ಚಿಕೊಂಡು ಕೂತರೆ ನನಗೆ ಭಾರ ಆಗುತ್ತದೆ.

ಸಿಟ್ಟಿನಲ್ಲಿ ಬರೆದೆ. ಹರಿದು ಹಾಕಿ ಇನ್ನೊಂದು ಬರೆಯಲು ಶಕ್ತಿಯಿಲ್ಲ. ಇವತ್ತು ಬೆಳಿಗ್ಗೆಯಿಂದ ಬೆಳಕನ್ನೇ ಕಂಡಿಲ್ಲ, ತಲೆ ಸಿಡಿಯುತ್ತಿದೆ.

ಚುಕ್ಕಿ


ಮಾರ್ಚ್ 9

ಚುಕ್ಕಿಗೆ,

ನಿನ್ನ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತು, ನನ್ನ ಮೂಗಿನ ಮೇಲಿಂದಲೇ ಇಳಿದು ಹೋದದ್ದು. ಅದಕ್ಕೆ ನಾನೇನೂ ಅಂದುಕೊಂಡಿಲ್ಲ. ಆದರೆ 'ಭಾರ' ಅಂದೆಯಲ್ಲ, ಅದೊಂದು ಮಾತು ಚುಚ್ಚಿತು. ಚುಚ್ಚಿಲ್ಲ ಎಂದು ಸುಳ್ಳು ಹೇಳಲಾರೆ.

ಕ್ಯಾಮೆರಾ ಬಂದಿದೆ. ವಾಪಸ್ ಕೊಡುವುದಿಲ್ಲ.

ಇದರ ಜೊತೆ ಮೂರು ಫೋಟೋ ಇಟ್ಟಿದ್ದೇನೆ, ನಕ್ಕು ಸಾಯಬೇಡ. ಮೊದಲನೆಯದು ಖಾಲಿ ಆಕಾಶ. ಎರಡನೆಯದು ಕಾಗೆಯ ಒಂದು ರೆಕ್ಕೆ. ಮೂರನೆಯದು ಏನೆಂದು ನನಗೂ ಗೊತ್ತಿಲ್ಲ, ನನ್ನ ಹೆಬ್ಬೆರಳಿರಬೇಕು. ಪೂರ್ತಿ ಜೂಮ್ ಎಳೆದು ಹುಡುಕಲು ಹೋದರೆ ಆಕಾಶದಲ್ಲಿ ವಿಮಾನ ಸಿಗುವುದೇ ಇಲ್ಲ. ಕಿಂಡಿಯಲ್ಲಿ ಎತ್ತ ನೋಡಿದರೂ ನೀಲಿ. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದೆ ಕ್ಯಾಮೆರಾ ಕೂಡ ಕಕ್ಕಾಬಿಕ್ಕಿಯಾಗಿ ಗುರ್ ಗುರ್ ಅನ್ನುತ್ತದೆ. ಅಷ್ಟರಲ್ಲಿ ನೀನು ದಾಟಿ ಹೋಗಿರುತ್ತೀಯ.

ಲೆನ್ಸಪ್ಪನ ಬಳಿ ಹೋಗಿ ಇಂಗು ತಿಂದ ಮಂಗನ ಹಾಗೆ ನಿಂತೆ. "ಯಜಮಾನ್ರೇ, ದೂರ ಇರೋರನ್ನ ಹುಡುಕೋಕೆ ಮೊದ್ಲು ಅಗಲಕ್ಕೆ ನೋಡ್ಬೇಕು. ಸಿಕ್ಕಿದ್ಮೇಲೆ ನಿಧಾನಕ್ಕೆ ಎಳ್ಕೋಬೇಕು. ಜೊತೆಜೊತೆಗೆ ತಿರುಗ್ತಾ ಇರಿ, ಗುಂಡಿ ಬಿಡ್ಬೇಡಿ, ಅದು ಹತ್ತಾರು ಪಟ ತೆಗಿಯತ್ತೆ. ಒಂದಾದ್ರೂ ನೆಟ್ಟಗೆ ಬರತ್ತೆ" ಅಂದ. ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಲು ಕಲಿಸಿದ. ಉದ್ದ ಗೆರೆ ಎಳೆಯುವಾಗ ನಾವು ಹಿಡಿಯುವುದೂ ಹಾಗೇ, ಅದಕ್ಕೆ ಬೇಗ ಬಂತು. ಎರಡು ದಿನ ರಸ್ತೆಯ ಬಸ್ಸುಗಳ ಮೇಲೆ ಅಭ್ಯಾಸ ಮಾಡಿದೆ. ಒಬ್ಬ ಡ್ರೈವರ್ ನಿಲ್ಲಿಸಿ, "ಏನ್ ತಾತ, ಕಂಪ್ಲೇಂಟ್ ಕೊಡ್ತೀರಾ?" ಎಂದು ಕೇಳಿದ.

ತಾರಸಿಯ ಮೇಲೆ ಹೊಸದು ಬರೆದಿದ್ದೇನೆ. ಏನೆಂದು ಹೇಳಲ್ಲ. ಶುಕ್ರವಾರ ಬಲಗಡೆ ಬಾಗಿಲನ್ನು ಕೇಳಿ ಹಾಕಿಸಿಕೋ. ನಿನ್ನ ಕಿಟಕಿಯನ್ನು ಹಿಡಿಯದೆ ನಾನು ಕೆಳಗಿಳಿಯುವುದಿಲ್ಲ.

ನಿನ್ನ ಅಪ್ಪ


ಏಪ್ರಿಲ್ 2

ಚುಕ್ಕಿಗೆ,

ನಿನ್ನಿಂದ ಪತ್ರ ಬಂದಿಲ್ಲ. ಇರಲಿ, ಕೆಲಸ ಇರುತ್ತದೆ.

ಕ್ಯಾಮೆರಾ ಚೆನ್ನಾಗಿದೆ. ಫೋಟೋ ಗೋಡೆಗೆ ಹಾಕುವ ಹಾಗೆ ಬಂದಿಲ್ಲ. ನೀನು ಹೇಳಿದ್ದು ಸರಿ, ಬಿಸಿಲಲ್ಲಿ ಗಾಳಿ ಕುದಿಯುತ್ತದೆ.

ಬೆಕ್ಕು ಬಣ್ಣದ ಡಬ್ಬಿಗಳ ಹಿಂದೆ ಮರಿ ಹಾಕಿದೆ. ಮೂರು. ಒಂದಕ್ಕೆ ಬಾಲದ ತುದಿ ಮಾತ್ರ ಬಿಳಿ, ಬ್ರಷ್ಷು ಅದ್ದಿದ ಹಾಗೆ. ತಾರಸಿಯ ಮೇಲೂ ಅದನ್ನೇ ಬರೆದೆ. 'ಬೆಕ್ಕಿಗೆ ಮೂರು ಮರಿ' ಎಂದು. ಹಳದಿ ಬಣ್ಣ, ಕೆಂಪು ಅಂಚು.

ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿದ್ದೆ ಬರುತ್ತದೆಯೇ? ಆರೋಗ್ಯಕ್ಕೆ ಏನಾದರೂ ಆಗಿದ್ದರೆ, ಆಗಿದೆ ಎಂದು ಬರೆದರೂ ನಡೆಯುತ್ತದೆ. ನಾನು ಗಟ್ಟಿಯಾಗಿಯೇ ಇದ್ದೇನೆ. ಸುಮ್ಮನೆ ಕೇಳಿದೆ.

ನಿನ್ನ ಅಪ್ಪ


ಏಪ್ರಿಲ್ 19

ಅಪ್ಪಾ,

ಓದಿದೆ! 'ಬೆಕ್ಕಿಗೆ ಮೂರು ಮರಿ'. ಕೆಂಪು ಅಂಚು ಎಷ್ಟು ಚೆನ್ನಾಗಿ ಎದ್ದು ಕಾಣುತ್ತಿತ್ತು ಗೊತ್ತಾ? ಪಕ್ಕದಲ್ಲಿದ್ದವಳಿಗೂ ತೋರಿಸಿದೆ. 'ನಿಮ್ಮಪ್ಪ ಗಟ್ಟಿಗ ಕಣೇ' ಅಂದಳು.

ಹೋದ ಪತ್ರದ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ. ನೀನು ಭಾರ ಅಲ್ಲ. ಹಾಗೆ ಬರೆದ ರಾತ್ರಿ ಅಂಚೆ ಡಬ್ಬಿಗೆ ಕೈ ಹಾಕಿ ವಾಪಸ್ ತೆಗೆಯಲು ಬರುತ್ತದೆಯೇ ಎಂದು ನೋಡಿದೆ. ಬರುವುದಿಲ್ಲ.

ನಾನು ಆರಾಮ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಬಾಲ ಬಿಳಿ ಇರುವ ಮರಿಯನ್ನು ಯಾರಿಗೂ ಕೊಡಬೇಡ.

ನಿನ್ನ ಚುಕ್ಕಿ


ಮೇ 11

ಚುಕ್ಕಿಗೆ,

ಓದಿದೆಯಲ್ಲ, ಸಂತೋಷ.

ಲೆನ್ಸಪ್ಪನ ಬೋರ್ಡು ಮುಗಿಯಿತು. ಹಳೆಯ ಕಾಲದ ಹಾಗೆ ದುಂಡಗೆ, ಪ್ರತಿ ಅಕ್ಷರಕ್ಕೂ ನೆರಳು ಕೊಟ್ಟು ಬರೆದೆ. ಅವನು ರಸ್ತೆಯ ಆಚೆ ಹೋಗಿ ನಿಂತು ನೋಡಿದ, ಈಚೆ ಬಂದು ನೋಡಿದ. "ಚೆನ್ನಾಗಿದೆ" ಅನ್ನುವುದಕ್ಕೆ ಬಾಯಿ ಬರಲಿಲ್ಲ ಆ ಜಿಪುಣನಿಗೆ. ಟೀ ತರಿಸಿದ. ಈಗ ಸಂಜೆ ಆಗೀಗ ಅಲ್ಲಿ ಹೋಗಿ ಕೂರುತ್ತೇನೆ. ಅವನೂ ಒಬ್ಬನೇ.

ತಾರಸಿಯ ಮೇಲೆ ಈ ಸಲ 'ಗಾಳಿ ಜೋರು' ಎಂದು ಬರೆದಿದ್ದೇನೆ, ನೀಲಿಯಲ್ಲಿ. ನಿಜವಾಗಿಯೂ ಜೋರಾಗಿತ್ತು, ಬರೆಯುವಾಗ ಡಬ್ಬಿ ಉರುಳಿ ಒಂದು ಕಡೆ ಚೆಲ್ಲಿದೆ. ಅದನ್ನು ಅಕ್ಷರ ಅಂದುಕೊಳ್ಳಬೇಡ.

ಒಂದು ಮಾತು ಹೇಳುತ್ತೇನೆ, ನಗಬೇಡ. ಮಂಗಳವಾರ, ಶುಕ್ರವಾರ ಬಂದರೆ ಮೂರೂವರೆಗೇ ಕಾಲು ತಾವಾಗಿ ಮೆಟ್ಟಿಲು ಹತ್ತುತ್ತವೆ. ವಿಮಾನ ಬರುತ್ತದೆ, ಹೋಗುತ್ತದೆ. ಅದರ ಸದ್ದು ಪೂರ್ತಿ ಇಳಿದ ಮೇಲೆ ಊರು ಎಷ್ಟು ಸುಮ್ಮನಾಗುತ್ತದೆ ಎಂದರೆ, ದರ್ಜಿಯ ಮಿಷಿನ್ ಕೂಡ ನಿಂತ ಹಾಗಿರುತ್ತದೆ. ಆಗ ಕೆಳಗೆ ಇಳಿಯಲು ಮನಸ್ಸಾಗುವುದಿಲ್ಲ. ಬೆಕ್ಕು ಕೂಗುವವರೆಗೂ ಅಲ್ಲೇ ಕೂತಿರುತ್ತೇನೆ. ನೀನು ಬರೆಯುತ್ತಿರು. ಓದದಿದ್ದರೂ ಪರವಾಗಿಲ್ಲ, ಪತ್ರ ಬರೆಯುತ್ತಿರು.

ನಿನ್ನ ಅಪ್ಪ


ಜೂನ್ 6

ಅಪ್ಪಾ,

ನಿನಗೆ ಗೊತ್ತಾಗಿದೆ, ಅಲ್ವಾ?

'ಓದದಿದ್ದರೂ ಪರವಾಗಿಲ್ಲ' ಎಂದು ಬರೆದೆಯಲ್ಲ, ಅಲ್ಲಿ ನಿಂತುಬಿಟ್ಟೆ. ಹಳೆಯ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಮೂರು ವರ್ಷದಲ್ಲಿ ಒಂದು ಸಲವೂ ತಾರಸಿಯ ಮೇಲೆ ಏನು ಬರೆದೆ ಎಂದು ನೀನಾಗಿ ಹೇಳಿದವನಲ್ಲ. ತಲೆ ಮೇಲೆ ತಲೆ ಬಿದ್ದರೂ ಹೇಳುತ್ತಿರಲಿಲ್ಲ. ಏಪ್ರಿಲ್‌ನಿಂದ ಹೇಳುತ್ತಿದ್ದೀಯ. ಅಂಚಿನ ಬಣ್ಣ ಕೂಡ. ನಾನು ಓದಿದೆ ಎಂದು ಬರೆಯಲು ಅನುಕೂಲವಾಗಲಿ ಎಂದು. ನಾನೊಬ್ಬಳು ಪೆದ್ದಿ, ಗಿಣಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ.

ಕಳೆದ ಆಗಸ್ಟ್‌ನಿಂದ ನಾನು ಹಾರಿಲ್ಲ. ನೆಗಡಿ ಇದ್ದರೂ ಒಂದು ದಿನ ಕೆಲಸಕ್ಕೆ ಹೋದೆ. ಇಳಿಯುವಾಗ ಬಲಗಿವಿಯಲ್ಲಿ ಏನೋ ಹರಿದ ಹಾಗಾಯಿತು, ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ತುಟಿ ಕಚ್ಚಿಕೊಂಡು ನಗುತ್ತಿದ್ದೆ, ಪ್ರಯಾಣಿಕರು ನೋಡುತ್ತಾರಲ್ಲ. ಕಿವಿಯ ತಮಟೆ ಹರಿದಿತ್ತು. ವಾಸಿಯಾಗುತ್ತದೆ ಅಂದರು, ಆಗಲಿಲ್ಲ. ಈಗ ಆ ಕಿವಿಯಲ್ಲಿ ಹೆಚ್ಚೇನೂ ಕೇಳಿಸುವುದಿಲ್ಲ, ಒಳಗೆ ಸದಾ ಗುಂಯ್ ಅನ್ನುತ್ತದೆ, ಫೋನನ್ನು ಎಡಗಿವಿಗೆ ಹಿಡಿದರೂ ಮಾತು ಅದರಲ್ಲಿ ಮುಳುಗುತ್ತದೆ. ಫೋನ್ ಎತ್ತದೆ ಇದ್ದದ್ದು ಅದಕ್ಕೆ. ನೀನು ಹೇಳಿದ್ದಕ್ಕೆ ನಾನು 'ಹಾಂ? ಹಾಂ?' ಅಂದರೆ ನೀನು ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದೆ.

ಕಂಪನಿಯವರು ಕೆಲಸದಿಂದ ತೆಗೆಯಲಿಲ್ಲ. ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ, ಕಳೆದುಹೋದ ಪೆಟ್ಟಿಗೆಗಳ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಯಾರೂ ಕೇಳಿಕೊಂಡು ಬಾರದ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಸಾಲಾಗಿ ಇಡುವುದು ನನ್ನ ಕೆಲಸ. ಒಂದು ಪೆಟ್ಟಿಗೆಯ ಮೇಲೆ ಯಾರೋ ಮಗುವಿನ ಕೈಯಲ್ಲಿ ಬಿಳಿ ಬಣ್ಣದ ಹೂವು ಬರೆಸಿದ್ದಾರೆ. ಗುರುತು ಸಿಗಲಿ ಎಂದು ಇರಬೇಕು. ಎಷ್ಟೋ ತಿಂಗಳಾಯಿತು, ಯಾರೂ ಬಂದಿಲ್ಲ. ದಿನಾ ಅದರ ಧೂಳು ಒರೆಸುತ್ತೇನೆ.

ನಾನು ಬಿಟ್ಟ ಮರುತಿಂಗಳೇ ನಮ್ಮ ಕಂಪನಿ ಆ ದಾರಿಯನ್ನೂ ಬಿಟ್ಟಿತು. ಅದೇ ಹೊತ್ತಿಗೆ ಈಗ ಬರುವುದು ಬೇರೆ ಯಾರದೋ ಸಾಮಾನಿನ ವಿಮಾನ. ನೀನು ಜೂಮ್ ಕ್ಯಾಮೆರಾ ಅಂದಾಗ ಸಿಕ್ಕಿಬಿದ್ದೆ ಎಂದುಕೊಂಡೆ. ಅದಕ್ಕೇ ಚಿಕ್ಕದು ತಗೋ ಅಂದೆ. ಅದಕ್ಕೇ ಬೈದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನನ್ನನ್ನು ಹಾರಲು ಕಳಿಸಬೇಡ ಅಂದಳೆಂದು ನೀನು ಒಡಹುಟ್ಟಿದ ಅತ್ತೆಯ ಜೊತೆಯೇ ಮಾತು ಬಿಟ್ಟೆ. ಬೀದಿಗೆಲ್ಲ 'ನನ್ನ ಮಗಳ ವಿಮಾನ' ಎಂದು ಬೆರಳು ತೋರಿಸಿದೆ. ಅದೂ ಹೋಗಲಿ. ನಿನಗೆ ಉಳಿದಿರುವುದು ಆ ಒಂದು ಬೋರ್ಡು ಅಪ್ಪಾ. ಓದುವವಳೇ ಇಲ್ಲ ಎಂದು ಗೊತ್ತಾದರೆ ನೀನು ಬ್ರಷ್ಷು ಕೆಳಗಿಟ್ಟುಬಿಡುತ್ತೀ ಎಂದು ಹೆದರಿದೆ. ರಜೆ ಬೇಕಾದಷ್ಟಿತ್ತು. ಬಂದರೆ ನನ್ನ ಮುಖ ನೋಡಿಯೇ ಓದಿಬಿಡುತ್ತೀ ಎಂದು ಬರಲಿಲ್ಲ.

ಇಲ್ಲಿ ನನಗೆ ಯಾರೂ ಇಲ್ಲ ಅಪ್ಪಾ. ಸಾಕಾಗಿದೆ.

ಚುಕ್ಕಿ


ಜೂನ್ 14

ಚುಕ್ಕಿಗೆ,

ಇದರ ಜೊತೆ ಒಂದು ಫೋಟೋ ಇದೆ. ಮಾರ್ಚ್‌ನ ಆ ಶುಕ್ರವಾರದ್ದು. ನಾನು ಇದುವರೆಗೆ ತೆಗೆದದ್ದರಲ್ಲಿ ಇದಕ್ಕಿಂತ ಚೆನ್ನಾಗಿ ಬಂದದ್ದಿಲ್ಲ. ರೆಕ್ಕೆಯ ಮೊಳೆಗಳೂ ಕಾಣುತ್ತವೆ, ನೋಡು. ಕಿಟಕಿ ಮಾತ್ರ ಒಂದೂ ಇಲ್ಲ. ಮುಂದೆ ಓಡಿಸುವವರ ಗಾಜು ಬಿಟ್ಟರೆ ಉದ್ದಕ್ಕೂ ಬೆಳ್ಳನೆಯ ಗೋಡೆ. ನಾನೆಂಥ ಮನುಷ್ಯ ನೋಡು, ಮೊದಲು ಅನ್ನಿಸಿದ್ದು ಬೋರ್ಡು ಬರೆಯಲು ಎಷ್ಟು ಒಳ್ಳೆಯ ಜಾಗ ಎಂದು. ಆಮೇಲೆ ಹೊಳೆಯಿತು. ನೀರಿನ ತೊಟ್ಟಿಗೆ ಒರಗಿ ಕೂತುಬಿಟ್ಟೆ. ನನ್ನ ಮಗಳು ಎಲ್ಲಿದ್ದಾಳೆ ಎನ್ನುವುದೇ ನನಗೆ ಗೊತ್ತಿಲ್ಲವಲ್ಲ!

ಲೆನ್ಸಪ್ಪನಿಗೆ ತೋರಿಸಿದೆ. "ಇದು ಸಾಮಾನ್ ಸಾಗ್ಸೋದು ಯಜಮಾನ್ರೇ" ಅಂದ. ನನ್ನ ಮುಖ ನೋಡಿ ಫೋಟೋವನ್ನು ಕವರಿಗೆ ಹಾಕಿ ಕೊಟ್ಟ. ನಾನು ನಿನ್ನ ಕಂಪನಿಗೆ ಫೋನ್ ಮಾಡಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ಮುಚ್ಚಿಡುತ್ತಿದ್ದಾಳೆ ಎಂದರೆ ನೋವಿರಬೇಕು, ಗುಟ್ಟು ಕಿತ್ತುಕೊಂಡರೆ ಬರೆಯುವುದನ್ನೇ ನಿಲ್ಲಿಸಿಬಿಟ್ಟರೆ ಎಂದು ಹೆದರಿದೆ. ವಿಮಾನ ಹೇಗೂ ಹೋಯಿತು, ಪತ್ರವಾದರೂ ಇರಲಿ ಎಂದುಕೊಂಡೆ. ನೀನು ಅಲ್ಲಿ ನನಗಾಗಿ ಸುಳ್ಳು ಹೇಳುವುದು, ನಾನು ಇಲ್ಲಿ ನಿನಗಾಗಿ ಸುಳ್ಳು ನಂಬುವುದು. ಒಳ್ಳೆ ಅಪ್ಪ, ಒಳ್ಳೆ ಮಗಳು!

ಬ್ರಷ್ಷು ಕೆಳಗಿಡುತ್ತೇನೆ ಎಂದು ಹೆದರಿದೆಯಾ? ಹುಚ್ಚಿ. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಮೂರು ತಿಂಗಳು ಬರೆದೆ. ಓದುವವಳು ಎಲ್ಲೋ ಇದ್ದಾಳೆ ಎಂದು ಗೊತ್ತಿತ್ತು, ಅಷ್ಟು ಸಾಕಾಯಿತು.

ಇನ್ನು ಹೇಳುವುದನ್ನು ಕೇಳು. ರಜೆ ಹಾಕು. ಬಸ್ಸಿನಲ್ಲಿ ಬಾ, ಕಿವಿಗೆ ತೊಂದರೆಯಿಲ್ಲ. ಆ ಕೆಲಸಕ್ಕೆ ವಾಪಸ್ ಹೋಗುವುದೋ ಬಿಡುವುದೋ ಇಲ್ಲಿ ಕೂತು ಯೋಚಿಸೋಣ. ನಾನು ನಿನ್ನ ಎಡಗಡೆಗೇ ಕೂರುತ್ತೇನೆ, ಎಡಗಡೆಗೇ ನಡೆಯುತ್ತೇನೆ. ನಿನ್ನ ಅತ್ತೆಯ ಜೊತೆಗೂ ಮಾತಾಡುತ್ತೇನೆ, ಅವಳು ಮೊದಲು ಮಾತಾಡಿಸಿದರೆ. ಬಾಲ ಬಿಳಿಯ ಮರಿಯನ್ನು ಯಾರಿಗೂ ಕೊಟ್ಟಿಲ್ಲ.

ಹತ್ತಿರದವರ ಮುಖ ತೆಗೆಯುವುದು ಹೇಗೆ ಎಂದು ಲೆನ್ಸಪ್ಪನನ್ನು ಕೇಳಿದೆ. ಈ ಕ್ಯಾಮೆರಾ ದೂರದ್ದಕ್ಕೆ ಮಾತ್ರ ಎಂದುಕೊಂಡಿದ್ದೆ. "ಜೂಮ್ ಪೂರ್ತಿ ಹಿಂದಕ್ಕೆ ತನ್ನಿ, ಎರಡ್ ಹೆಜ್ಜೆ ಹತ್ರ ಹೋಗಿ, ಅಷ್ಟೇ" ಅಂದ. ಅಷ್ಟೇ ಅಂತೆ. ಗೋಡೆಯ ಮೇಲೆ ನಿನ್ನ ಫೋಟೋಗೆ ಮೊಳೆ ಹೊಡೆದಾಗಿದೆ.

ಬಸ್ಸಿಳಿದು ಮೂಲೆ ತಿರುಗಿದರೆ ಎದುರಿಗೆ ಗೋದಾಮಿನ ಉದ್ದ ಗೋಡೆ ಕಾಣುತ್ತದಲ್ಲ, ಅದಕ್ಕೆ ನಿನ್ನೆ ಸುಣ್ಣ ಹೊಡೆದು ಇವತ್ತು ಬರೆದೆ. ಏಣಿಯನ್ನು ಲೆನ್ಸಪ್ಪ ಹಿಡಿದ. ಹಿಡಿದುಕೊಂಡೇ ಅಕ್ಷರ ಸೊಟ್ಟ ಅಂದ.

ಏನು ಬರೆದಿದ್ದೇನೆ ಎಂದು ಈ ಸಲ ಹೇಳಲ್ಲ. ಬಂದು ಓದು.

ನಿನ್ನ ಅಪ್ಪ